ಪದ್ಮಿನಿಯ ಕಾರ್ಬ್ಯುರೇಟರ್ ಟ್ಯೂನಿಂಗ್: ಸ್ಕ್ರೂ ಮುಟ್ಟುವ ಮೊದಲು, ಮುಟ್ಟಿದ ಮೇಲೆ

ಹಳೆಯ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತರೆ ಬಂದ್ ಆಗುತ್ತದೆ, ಪಿಕಪ್ ಇಲ್ಲ, ಆವರೇಜ್ ಬಿದ್ದಿದೆ ಅಂದರೆ ಎಲ್ಲರ ಕೈ ಮೊದಲು ಹೋಗುವುದು ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಸ್ಕ್ರೂಗೆ. ಬಾನೆಟ್ ಎತ್ತಿದ ಕೂಡಲೇ ಕಾಣುವುದು ಅದೇ, ತಿರುಗಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಆದರೆ ಅಲ್ಲಿಗೆ ಕೈ ಹಾಕಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಹುಬ್ಬಳ್ಳಿಯ ಹಳೆಯ ಮಿಸ್ತ್ರಿಗಳು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಮೊದಲ ಕರೆಂಟ್ ನೋಡ್ರಿ ಸರ, ಆಮ್ಯಾಲ ಗಾಳಿ, ಆಮ್ಯಾಲ ಪೆಟ್ರೋಲ್. ಸ್ಕ್ರೂ ಎಲ್ಲೂ ಓಡಿ ಹೋಗೂದಿಲ್ಲ." ಈ ಲೇಖನ ಅದೇ ಕ್ರಮದಲ್ಲಿ ಹೋಗುತ್ತದೆ.

ಉದಾಹರಣೆಗೆ ಪ್ರೀಮಿಯರ್ ಪದ್ಮಿನಿಯನ್ನು ತೆಗೆದುಕೊಂಡಿದ್ದೇನೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದು, 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಗಾಡಿ ಇದು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಮೇಲೆ ಒಂದೇ ಬಾಯಿಯ, ಸೋಲೆಕ್ಸ್ ಮಾದರಿಯ ಕಾರ್ಬ್ಯುರೇಟರ್. ನಮ್ಮ ಕಡೆ ಈಗಲೂ ಮನೆ ಮುಂದೆ ನಿಂತಿರುವ ಹಳೆಯ ಕಾರುಗಳಲ್ಲಿ ಇದರ ಪಾಲು ದೊಡ್ಡದು. ಸೋಲೆಕ್ಸ್ ಇರುವ ಅಂಬಾಸಿಡರ್‌ಗೂ ಜೀಪಿಗೂ ಇಲ್ಲಿ ಹೇಳಿದ್ದು ಹೆಚ್ಚುಕಡಿಮೆ ಹಾಗೇ ಹೊಂದುತ್ತದೆ. ಎಸ್‌ಯು ಎಂಬ ಇನ್ನೊಂದು ಮಾದರಿಯ ಕಾರ್ಬ್ಯುರೇಟರ್ ಇರುವ ಅಂಬಾಸಿಡರ್ ಬೇರೆ ಜಾತಿ. ಅದಕ್ಕೆ ಮುಂದೆ ಬೇರೆಯಾಗಿ ಬರೆದಿದ್ದೇನೆ.

ಕೆಲಸಕ್ಕೆ ಕೂರುವ ಮುಂಚೆ

ಜಾಗ ಗಾಳಿಯಾಡುವಂತಿರಲಿ. ಬಾಗಿಲು ಹಾಕಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಟ್ಟು ಟ್ಯೂನಿಂಗ್ ಮಾಡುವುದು ಅಪಾಯ. ಸೈಲೆನ್ಸರ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ಸುತ್ತಿದಾಗಲೇ ಗೊತ್ತಾಗುವುದು. ಬೀಡಿ ಸಿಗರೇಟು ದೂರ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಷ್ಟು ಹತ್ತಿರ. ಪೆಟ್ರೋಲ್ ಪೈಪ್ ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡಿ. ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ, ಇವು ಫ್ಯಾನ್ ಬೆಲ್ಟಿನ ಹತ್ತಿರ ಬೇಡವೇ ಬೇಡ.

ಸಾಮಾನು ಜಾಸ್ತಿ ಏನಿಲ್ಲ. ಬಾಯಿ ಚೆನ್ನಾಗಿರುವ ಎರಡು ಸ್ಕ್ರೂಡ್ರೈವರ್, ಪ್ಲಗ್ ಪಾನಾ, ಸಣ್ಣ ಪಾನಾಗಳ ಸೆಟ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ, ಹೊಸ ಪ್ಯಾಕಿಂಗ್ ಕಿಟ್. ಕೈಯಲ್ಲಿ ದುಡ್ಡಿದ್ದರೆ ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ಒಂದು ವ್ಯಾಕ್ಯೂಮ್ ಗೇಜ್ ತಗೊಳ್ಳಿ. ಕಿವಿ ಎಷ್ಟೇ ಪಳಗಿದ್ದರೂ ಗೇಜಿನ ಮುಳ್ಳು ತೋರಿಸುವಷ್ಟು ಸೂಕ್ಷ್ಮವಾಗಿ ಹೇಳುವುದಿಲ್ಲ.

ಮೊದಲು ಕರೆಂಟ್

ವಾಲ್ವ್ ಗ್ಯಾಪ್ ಸರಿಯಿಲ್ಲದ, ಪ್ಲಗ್ ಸುಟ್ಟಿರುವ, ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ) ಪಾಯಿಂಟ್ ಗುಳಿ ಬಿದ್ದಿರುವ ಎಂಜಿನ್ನಿಗೆ ಕಾರ್ಬ್ಯುರೇಟರ್ ಟ್ಯೂನಿಂಗ್ ಮಾಡಲು ಆಗುವುದೇ ಇಲ್ಲ. ಆ ದೋಷವನ್ನು ಸ್ಕ್ರೂನಿಂದ ಮುಚ್ಚಬಹುದು, ಅಷ್ಟೇ. ಒಂದು ಸಿಲಿಂಡರ್ ಸರಿಯಾಗಿ ಉರಿಯದೇ ಇದ್ದಾಗ ಐಡಲ್ (ಎಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ಸ್ಪೀಡ್) ಏರಿಸಿ, ಪೆಟ್ರೋಲ್ ಜಾಸ್ತಿ ಬಿಟ್ಟು ಗಾಡಿ ನಿಲ್ಲದಂತೆ ಮಾಡುತ್ತಾರೆ. ಆವತ್ತಿಗೆ ಕೆಲಸ ಆಯಿತು ಅನ್ನಿಸುತ್ತದೆ. ತಿಂಗಳೊಳಗೆ ಪ್ಲಗ್ ಕರ್ರಗಾಗಿ ಮತ್ತೆ ಅದೇ ಕಥೆ.

ವಾಲ್ವ್ ಗ್ಯಾಪ್ ಅನ್ನು ಎಂಜಿನ್ ತಣ್ಣಗಿದ್ದಾಗ, ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುವ ಅಳತೆಗೆ ಹಿಡಿಯಿರಿ. ನಾಲ್ಕೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ಗೊತ್ತಾಗುವ ಹಾಗೆ ಸಾಲಾಗಿ ಇಡಿ. ಮಾರಿ ಬಿಸ್ಕತ್ತಿನ ಬಣ್ಣ ಇದ್ದರೆ ಒಳ್ಳೆಯದು. ಒಣ ಕಾಡಿಗೆ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ. ಹಸಿ ಎಣ್ಣೆ ಇದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ, ಅದಕ್ಕೂ ಕಾರ್ಬ್ಯುರೇಟರ್‌ಗೂ ಸಂಬಂಧವಿಲ್ಲ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ ಬೀಳುತ್ತಿರಬಹುದು. ಸೀಸ ಇಲ್ಲದ, ಎಥನಾಲ್ ಸೇರಿದ ಈಗಿನ ಪೆಟ್ರೋಲಿನಲ್ಲಿ ಪ್ಲಗ್ ಮೊದಲಿಗಿಂತ ತಿಳಿಯಾಗಿಯೇ ಕಾಣುತ್ತದೆ. ಹಾಗಾಗಿ ಹಳೆಯ ಪುಸ್ತಕದ ಚಿತ್ರ ಇಟ್ಟುಕೊಂಡು ಬಣ್ಣ ನೋಡಿ ಗಾಬರಿಯಾಗಬೇಡಿ. ನಾಲ್ಕರಲ್ಲಿ ಒಂದೇ ಒಂದು ಬೇರೆ ಬಣ್ಣ ಇದ್ದರೆ ಮಾತ್ರ ಅದರ ಹಿಂದೆ ಬೀಳಿ. ನಾಲ್ಕಕ್ಕೂ ಪೆಟ್ರೋಲ್ ಕೊಡುವುದು ಒಂದೇ ಕಾರ್ಬ್ಯುರೇಟರ್, ಒಂದು ಮಾತ್ರ ಕೆಟ್ಟಿದೆ ಅಂದರೆ ತಪ್ಪು ಬೇರೆ ಕಡೆ ಇದೆ ಅಲ್ವಾ?

ಪ್ಲಗ್ ಗ್ಯಾಪ್ ಸುಮಾರು 0.6 ಮಿ.ಮೀ. ಸಿಬಿ ಪಾಯಿಂಟ್, ಅಂದರೆ ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟ್ ಕಡಿದು ಜೋಡಿಸುವ ಪಾಯಿಂಟ್. ಅದರ ಗ್ಯಾಪ್ ಎಷ್ಟು ಅನ್ನುವುದು ಡಿಸ್ಟ್ರಿಬ್ಯೂಟರ್ ಯಾವುದು ಅನ್ನುವುದರ ಮೇಲೆ ಇದೆ. ಲೂಕಾಸ್ ಮಾದರಿಯದಾದರೆ 0.35ರಿಂದ 0.40 ಮಿ.ಮೀ. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು ಕೂಡ ಬದಲಾಗುತ್ತದೆ. ಅದಕ್ಕೇ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಟೈಮಿಂಗ್ ಲೈಟ್ ಇಲ್ಲದಿದ್ದರೆ 12 ವೋಲ್ಟಿನ ಸಣ್ಣ ಬಲ್ಬಿನ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿನ ಸಣ್ಣ ಟರ್ಮಿನಲ್‌ಗೂ ಇನ್ನೊಂದನ್ನು ಬಾಡಿಗೂ ಹಿಡಿದು, ಇಗ್ನಿಷನ್ ಹಾಕಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ. ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹತ್ತುತ್ತದೆ. ಆಗ ಪುಲ್ಲಿಯ ಗುರುತು ಎಲ್ಲಿದೆ ನೋಡಿ. ಪದ್ಮಿನಿಯ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಕ್ರಮ, 1-3-4-2. ಪ್ಲಗ್ ವೈರ್ ಅದಲು ಬದಲಾಗಿ ಹಾಕಿ ಕಾರ್ಬ್ಯುರೇಟರ್ ಬೈಯುವವರೂ ಇದ್ದಾರೆ, ಒಮ್ಮೆ ಎಣಿಸಿ ನೋಡಿಬಿಡಿ.

ಆಮೇಲೆ ಗಾಳಿ

ನವಲಗುಂದ, ನರಗುಂದ, ಅಣ್ಣಿಗೇರಿ, ಗದಗದ ಕಡೆ ಓಡಾಡುವ ಗಾಡಿಯಾದರೆ ಏರ್ ಫಿಲ್ಟರ್ ತೆಗೆದು ನೋಡಿ. ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ನಯ, ಪೇಪರ್ ಫಿಲ್ಟರಿನ ಮಡಿಕೆಗಳಲ್ಲಿ ಕೂತುಬಿಟ್ಟರೆ ತಟ್ಟಿದರೂ ಪೂರ್ತಿ ಹೋಗುವುದಿಲ್ಲ. ಫಿಲ್ಟರ್ ಕಟ್ಟಿಕೊಂಡ ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಫಿಲ್ಟರ್ ತೆಗೆದಿಟ್ಟು ಟ್ಯೂನ್ ಮಾಡಿ ಆಮೇಲೆ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಹೊಸ ಫಿಲ್ಟರ್ ಹಾಕಿಯೇ ಟ್ಯೂನ್ ಮಾಡಿ.

ಇನ್ನು ಕಳ್ಳ ಗಾಳಿ. ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ (ಅಲ್ಲಿಂದ ಎಂಜಿನ್ನಿಗೆ ಹೋಗುವ ಕೊಳವೆ) ನಡುವಿನ ಪ್ಯಾಕಿಂಗ್ ಹರಿದಿದ್ದರೆ, ಫಿಲ್ಟರ್ ದಾಟದೆ, ಪೆಟ್ರೋಲ್ ಬೆರೆಯದೆ ಬರೀ ಗಾಳಿ ಒಳಗೆ ನುಗ್ಗುತ್ತದೆ. ಐಡಲ್ ನಿಲ್ಲದಿರುವುದಕ್ಕೆ ಹಳೆಯ ಗಾಡಿಗಳಲ್ಲಿ ಇದೇ ದೊಡ್ಡ ಕಾರಣ. ಎಂಜಿನ್ ಚಾಲೂ ಇಟ್ಟು, ಬ್ರಷ್‌ನಿಂದ ಸೋಪಿನ ನೀರನ್ನು ಜಾಯಿಂಟ್‌ಗಳ ಸುತ್ತ ಹಚ್ಚುತ್ತಾ ಹೋಗಿ. ಎಲ್ಲಿ ನೀರು ಒಳಗೆ ಎಳೆದುಕೊಂಡು ಎಂಜಿನ್ ಶಬ್ದ ಬದಲಾಗುತ್ತದೋ ಅಲ್ಲೇ ಸೋರಿಕೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಬಿಸಿ ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇರುವಾಗ ಆ ಕೆಲಸ ದಯವಿಟ್ಟು ಬೇಡ.

ಪ್ಯಾಕಿಂಗ್ ಹೊಸದು ಹಾಕಿದರೂ ಸೋರುತ್ತಿದ್ದರೆ ಕಾರ್ಬ್ಯುರೇಟರಿನ ತಳ ಸೊಟ್ಟಗಾಗಿರುತ್ತದೆ. ಎರಡೇ ನಟ್ ಹಿಡಿದಿರುವ ಮೆತ್ತನೆಯ ಲೋಹ ಅದು, ವರ್ಷಾನುಗಟ್ಟಲೆ ಜೋರಾಗಿ ಬಿಗಿದೂ ಬಿಗಿದೂ ಎರಡೂ ಕಿವಿ ಬಾಗುತ್ತವೆ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣುತ್ತದೆ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹರಡಿ, ತಳವನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ ಸಮ ಮಾಡಿ. ಥ್ರಾಟಲ್ (ಎಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆ) ಶಾಫ್ಟನ್ನೂ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಅಲ್ಲಿಂದಲೂ ಗಾಳಿ ಬರುತ್ತದೆ. ಅದಕ್ಕೆ ಲೇತ್ ಕೆಲಸದವರ ಹತ್ತಿರ ಬುಷ್ ಹಾಕಿಸಬೇಕು, ಬೇರೆ ದಾರಿ ಇಲ್ಲ.

ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು

ಗಾಡಿ ಬಹಳ ದಿನ ನಿಂತಿದ್ದರೆ ಈ ಹಂತ ತಪ್ಪಿಸಬೇಡಿ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಮಿಕ್ಸ್ಚರ್ ಸ್ಕ್ರೂ (ಕೆಳಭಾಗದಲ್ಲಿ ಸ್ಪ್ರಿಂಗ್ ಸಮೇತ ಇರುವುದು) ಈಗ ಎಷ್ಟು ಸುತ್ತು ಹೊರಗಿದೆ ಅಂತ ಎಣಿಸಿ ಬರೆದಿಡಿ. ಆಮೇಲೆ ದೊಡ್ಡ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ. ಸಣ್ಣ ಉಂಡೆ, ಸ್ಪ್ರಿಂಗ್ ಹಾರಿದರೂ ಬಿಳಿ ಬಟ್ಟೆಯ ಮೇಲೆ ಕಾಣುತ್ತವೆ.

ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ತಳದಲ್ಲಿ ಏನಿದೆ ನೋಡಿ. ಕಂದು ಪುಡಿ ಇದ್ದರೆ ಟ್ಯಾಂಕ್ ತುಕ್ಕು. ಬಿಳಿ ಅಥವಾ ಹಸಿರು ಛಾಯೆಯ ಪದರ ಇದ್ದರೆ ನೀರು ಮತ್ತು ಎಥನಾಲ್ ಸೇರಿ ಲೋಹ ತಿಂದಿದೆ. ಮುತ್ತಿನಂತೆ ಉರುಳುವ ಹನಿಗಳಿದ್ದರೆ ಅದು ಪೆಟ್ರೋಲ್ ಅಲ್ಲ, ನೀರು. ಕಾರ್ಬ್ಯುರೇಟರ್ ಮಾತ್ರ ತೊಳೆದು ಟ್ಯಾಂಕ್ ಹಾಗೇ ಬಿಟ್ಟರೆ ವಾರದಲ್ಲಿ ಮತ್ತೆ ಕಚರಾ ಬರುತ್ತದೆ. ಟ್ಯಾಂಕ್ ತೊಳೆಸಿ, ಪಂಪಿಗೆ ಮೊದಲು ಒಂದು ಪಾರದರ್ಶಕ ಫಿಲ್ಟರ್ ಹಾಕಿಸಿ.

ಐಡಲ್ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಬಿಚ್ಚಿ ಬೆರಳ ತುದಿಯಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿಸಿ ಒಂದೇ ಕಣ್ಣಿಂದ ನೋಡಿ. ಕೂದಲಿಗಿಂತ ಸ್ವಲ್ಪ ದಪ್ಪದ ರಂಧ್ರ. ಅಂಚು ದುಂಡಗೆ, ಚೂಪಾಗಿ, ಬೆಳಕಿನ ಒಂದು ಚುಕ್ಕೆಯಾಗಿ ಕಾಣಬೇಕು. ಅರ್ಧಚಂದ್ರ ಕಂಡರೆ ಒಳಗೆ ಅಂಟು ಕೂತಿದೆ. ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಕಂಪ್ರೆಸರ್ ಗಾಳಿ ಹೊಡೆದು ತೆಗೆಯಿರಿ. ತಂತಿ, ಸೂಜಿ, ಪಿನ್ ಯಾವುದೂ ಹಾಕಬಾರದು. ಜೆಟ್ ಹಿತ್ತಾಳೆಯದು, ಸೋಲೆಕ್ಸ್ ಜೆಟ್ ಮೇಲೆ 120 ಅಂತ ಇದ್ದರೆ ರಂಧ್ರ 1.20 ಮಿ.ಮೀ. ಅಂತ ಲೆಕ್ಕ. ತಂತಿ ಒಂದು ಸಲ ಗೀಚಿದರೆ 120 ಹೋಗಿ 125 ಆಗುತ್ತದೆ, ಆಮೇಲೆ ಆ ಗಾಡಿಯ ಆವರೇಜ್ ಯಾವ ಸ್ಕ್ರೂನಿಂದಲೂ ವಾಪಸ್ ಬರುವುದಿಲ್ಲ. ಹಳೆಯ ಗಾಡಿ ಕೊಂಡವರು ಜೆಟ್ ಮೇಲಿನ ಸಂಖ್ಯೆಯನ್ನು ಮ್ಯಾನ್ಯುಯಲ್ ಜೊತೆ ತಾಳೆ ನೋಡಲೇಬೇಕು. ಹಿಂದಿನವರು ಯಾವುದೋ ಗಾಡಿಯ ಜೆಟ್ ಹಾಕಿರುವುದು ಮಾಮೂಲು.

ಚೇಂಬರಿನಲ್ಲಿ ತೇಲುವ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಹಿತ್ತಾಳೆ ಫ್ಲೋಟ್ ಆದರೆ ಬಿಸಿ ನೀರಲ್ಲಿ ಮುಳುಗಿಸಿ, ಗುಳ್ಳೆ ಬಂದ ಜಾಗವೇ ತೂತು. ಫ್ಲೋಟ್ ಏರಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವಿನ ತುದಿಯಲ್ಲಿ ಗೆರೆ ಬಿದ್ದಿದ್ದರೆ ಬದಲಾಯಿಸಿ, ಇಲ್ಲದಿದ್ದರೆ ಓವರ್‌ಫ್ಲೋ ನಿಲ್ಲುವುದಿಲ್ಲ. ವಾಲ್ವಿನ ಕೆಳಗಿನ ವಾಷರ್ ಬರೀ ಸೋರಿಕೆ ತಡೆಯಲು ಇರುವುದಲ್ಲ, ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಎಷ್ಟು ಎತ್ತರ ನಿಲ್ಲಬೇಕು ಅಂತ ತೀರ್ಮಾನಿಸುವುದೇ ಅದು. ವಾಷರ್ ದಪ್ಪ ಆದರೆ ಮಟ್ಟ ಇಳಿಯುತ್ತದೆ, ತೆಳು ಆದರೆ ಏರುತ್ತದೆ. ಹಳೆಯದು ಎಷ್ಟು ದಪ್ಪವೋ ಅಷ್ಟೇ ದಪ್ಪದ್ದು ಹಾಕಿ.

ಜೋಡಿಸಿದ ಮೇಲೆ, ಎಂಜಿನ್ ಬಂದ್ ಇರುವಾಗಲೇ ಕಾರ್ಬ್ಯುರೇಟರ್ ಬಾಯೊಳಗೆ ನೋಡುತ್ತಾ ಥ್ರಾಟಲ್ ಎಳೆಯಿರಿ. ಎಳೆದ ಕ್ಷಣವೇ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು. ತಡವಾಗಿ ಬಂದರೆ ಅಥವಾ ತೊಟ್ಟಿಕ್ಕಿದರೆ ಎಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಒಡೆದಿದೆ. ಸಿಗ್ನಲ್ ಬಿಟ್ಟ ಕೂಡಲೇ ಗಾಡಿ ಒಂದು ಸಲ ಉಸಿರುಗಟ್ಟಿದಂತೆ ಮಾಡಿ ಆಮೇಲೆ ಎಳೆಯುವುದು ಇದರಿಂದಲೇ.

ಈಗ ಸ್ಕ್ರೂ

ಗಾಡಿಯನ್ನು ಹದಿನೈದಿಪ್ಪತ್ತು ನಿಮಿಷ ಓಡಿಸಿ ಪೂರ್ತಿ ಬಿಸಿ ಮಾಡಿ. ಚೋಕ್ ನಾಬ್ ಪೂರ್ತಿ ಒಳಗೆ ಹೋಗಿರಲಿ. ಕೇಬಲ್ ತುಕ್ಕು ಹಿಡಿದು ನಾಬ್ ಒಳಗೆ ಹೋದರೂ ಕಾರ್ಬ್ಯುರೇಟರ್ ಹತ್ತಿರದ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ಬಾನೆಟ್ ಎತ್ತಿ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಿ.

ನಿಮಗೆ ಬೇಕಾದ ಸ್ಕ್ರೂ ಎರಡೇ. ಒಂದು ಥ್ರಾಟಲ್ ಲಿವರಿಗೆ ತಾಗಿ ನಿಂತಿರುವ ಐಡಲ್ ಸ್ಕ್ರೂ, ಗ್ಯಾರೇಜಿನಲ್ಲಿ ಸ್ಲೋ ಸ್ಪೀಡ್ ಸ್ಕ್ರೂ ಅನ್ನುತ್ತಾರೆ. ಇನ್ನೊಂದು ಕಾರ್ಬ್ಯುರೇಟರಿನ ಕೆಳಭಾಗದಲ್ಲಿ ಸ್ಪ್ರಿಂಗ್ ಸಮೇತ ಇರುವ ಮಿಕ್ಸ್ಚರ್ ಸ್ಕ್ರೂ. ಸೋಲೆಕ್ಸ್‌ನಲ್ಲಿ ಮಿಕ್ಸ್ಚರ್ ಸ್ಕ್ರೂ ಹೊರಗೆ ಬಿಚ್ಚಿದರೆ ರಿಚ್ (ಪೆಟ್ರೋಲ್ ಜಾಸ್ತಿ), ಒಳಗೆ ತಿರುಗಿಸಿದರೆ ಲೀನ್ (ಪೆಟ್ರೋಲ್ ಕಡಿಮೆ). ಬೈಕಿನ ಏರ್ ಸ್ಕ್ರೂ ತಿರುಗಿಸಿ ರೂಢಿ ಇದ್ದವರು ಇಲ್ಲಿ ಎಚ್ಚರ ವಹಿಸಬೇಕು, ಬಹಳಷ್ಟು ಬೈಕುಗಳಲ್ಲಿ ಇದು ಉಲ್ಟಾ.

ಎಂಜಿನ್ ಬಂದ್ ಮಾಡಿ. ಮಿಕ್ಸ್ಚರ್ ಸ್ಕ್ರೂವನ್ನು ಎರಡೇ ಬೆರಳಲ್ಲಿ, ತಾಗಿತು ಅನ್ನುವವರೆಗೆ ಮಾತ್ರ ಒಳಗೆ ತಿರುಗಿಸಿ. ಬಲ ಹಾಕಿದರೆ ಅದರ ಚೂಪು ತುದಿಯ ಸುತ್ತ ಬಳೆಯಂತೆ ಗೆರೆ ಬೀಳುತ್ತದೆ, ರಂಧ್ರವೂ ಅಗಲವಾಗುತ್ತದೆ. ಈಗಾಗಲೇ ಗೆರೆ ಇದ್ದರೆ ಹೊಸ ಸ್ಕ್ರೂ ಹಾಕಿ. ತಾಗಿದ ಜಾಗದಿಂದ ಒಂದೂವರೆ ಸುತ್ತು ಹೊರಗೆ ಬಿಚ್ಚಿ. ಐಡಲ್ ಸ್ಕ್ರೂವನ್ನು ಪೂರ್ತಿ ಸಡಿಲಿಸಿ, ಲಿವರಿಗೆ ತಾಗಿದ ಮೇಲೆ ಒಂದು ಸುತ್ತು ಒಳಗೆ ಕೊಡಿ. ಎಕ್ಸಿಲರೇಟರ್ ಕೇಬಲ್ ಅಥವಾ ರಾಡ್ ಥ್ರಾಟಲ್ ಅನ್ನು ಹಿಡಿದೆಳೆಯುತ್ತಿಲ್ಲ ಅಂತಲೂ ನೋಡಿಕೊಳ್ಳಿ.

ಎಂಜಿನ್ ಚಾಲೂ ಮಾಡಿ. ಈಗ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಹೊರಗೆ ತಿರುಗಿಸಿ, ಕೈ ತೆಗೆದು ಹತ್ತು ಸೆಕೆಂಡ್ ಸುಮ್ನೆ ಕೇಳಿ. ಎಂಜಿನ್ ಬದಲಾವಣೆಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ಸ್ಕ್ರೂ ತಿರುಗಿಸುತ್ತಲೇ ಇದ್ದರೆ ನೀವು ಕೇಳುವ ಶಬ್ದ ಹಿಂದಿನ ತಿರುವಿನದು. ಮತ್ತೆ ಕಾಲು ಸುತ್ತು ಹೊರಗೆ. ಒಂದು ಹಂತದಲ್ಲಿ ಎಂಜಿನ್ ಭಾರವಾಗಿ, ಏರಿಳಿಯುತ್ತಾ ಓಡತೊಡಗುತ್ತದೆ. ಸೈಲೆನ್ಸರಿನಿಂದ ಕಣ್ಣುರಿಸುವ ವಾಸನೆ ಬರುತ್ತದೆ. ಇದು ರಿಚ್ ಕಡೆಯ ಗಡಿ. ಈಗ ಕಾಲು ಕಾಲು ಸುತ್ತಾಗಿ ಒಳಗೆ ಬನ್ನಿ. ಶಬ್ದ ಹಗುರಾಗುತ್ತದೆ, ಸ್ಪೀಡ್ ಏರುತ್ತದೆ, ಒಂದು ಕಡೆ ತುಂಬ ನಯವಾಗಿ ಓಡುತ್ತದೆ. ಇನ್ನೂ ಒಳಗೆ ಹೋದರೆ ತಡವರಿಸಿ, ಮಿಸ್ಸಿಂಗ್ ಹೊಡೆದು, ಗಾಡಿ ಅಲುಗಾಡುತ್ತದೆ. ಅದು ಲೀನ್ ಕಡೆಯ ಗಡಿ. ಎರಡೂ ಗಡಿ ಗೊತ್ತಾದ ಮೇಲೆ, ನಡುವಿನ ಆ ನಯವಾದ ಜಾಗಕ್ಕೆ ವಾಪಸ್ ಬನ್ನಿ.

ಆ ಜಾಗದಲ್ಲಿ ಸ್ಪೀಡ್ ಜಾಸ್ತಿಯಾಗಿರುತ್ತದೆ. ಐಡಲ್ ಸ್ಕ್ರೂನಿಂದ ಸುಮಾರು 750-800 ಆರ್‌ಪಿಎಂಗೆ ಇಳಿಸಿ. ಇಳಿಸಿದಾಗ ಮಿಕ್ಸ್ಚರ್ ಸ್ವಲ್ಪ ಆಚೀಚೆ ಆಗುತ್ತದೆ, ಹಾಗಾಗಿ ಮತ್ತೆ ಮಿಕ್ಸ್ಚರ್, ಮತ್ತೆ ಐಡಲ್. ಎರಡು ಮೂರು ಸುತ್ತು ಹೀಗೆ ಮಾಡಿದರೆ ಎರಡೂ ಒಂದಕ್ಕೊಂದು ಹೊಂದುತ್ತವೆ. ಕೊನೆಗೆ ಮಿಕ್ಸ್ಚರನ್ನು ಅರ್ಧಪಾವು ಸುತ್ತು, ಅಂದರೆ ಎಂಟನೇ ಒಂದು ಭಾಗ, ರಿಚ್ ಕಡೆಗೆ ಬಿಡಿ. ಬೆಳಗಿನ ತಣ್ಣನೆಯ ಹೊತ್ತಿಗೆ ಆ ಚೂರು ಬೇಕಾಗುತ್ತದೆ.

ವ್ಯಾಕ್ಯೂಮ್ ಗೇಜ್ ಇದ್ದರೆ ಕೆಲಸ ಇನ್ನೂ ಸಲೀಸು. ಮುಳ್ಳು ಅತಿ ಹೆಚ್ಚು ತೋರಿಸುವ, ಅಲುಗಾಡದೆ ನಿಲ್ಲುವ ಜಾಗವೇ ಸರಿಯಾದ ಮಿಕ್ಸ್ಚರ್. ಆದರೆ ಗೇಜಿನ ಡಬ್ಬಿಯ ಮೇಲೆ ಬರೆದ 17ರಿಂದ 21 ಇಂಚು (ಪಾದರಸದ ಅಳತೆ) ಅನ್ನುವುದು ಸಮುದ್ರ ಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ಹುಬ್ಬಳ್ಳಿ-ಧಾರವಾಡ ಎರಡು ಸಾವಿರ ಅಡಿಗಿಂತ ಮೇಲಿವೆ. ಇಲ್ಲಿ 15ರಿಂದ 19ರ ನಡುವೆ ನಿಂತರೆ ಎಂಜಿನ್ ಚೆನ್ನಾಗಿದೆ ಅಂತಲೇ ಅರ್ಥ. 16 ತೋರಿಸಿತು ಅಂತ ರಿಂಗ್ ಕೆಲಸಕ್ಕೆ ಹೋಗಬೇಡಿ. ಮುಳ್ಳು ನಿಧಾನವಾಗಿ ತೇಲಿದರೆ ಮಿಕ್ಸ್ಚರ್, ತಾಳಕ್ಕೆ ಸರಿಯಾಗಿ ಪಟಪಟ ಬಡಿದರೆ ವಾಲ್ವ್.

ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಕೇಳಿಸಿಕೊಳ್ಳದಿದ್ದರೆ ಮುಂದುವರಿಯಬೇಡಿ. ಒಂದೋ ಪೈಲಟ್ ಜೆಟ್ ಕಟ್ಟಿದೆ, ಇಲ್ಲವೇ ಎಲ್ಲೋ ಕಳ್ಳ ಗಾಳಿ ಇದೆ, ಅದೂ ಅಲ್ಲದಿದ್ದರೆ ಐಡಲ್ ಸ್ಕ್ರೂ ಅಗತ್ಯಕ್ಕಿಂತ ಜಾಸ್ತಿ ಒಳಗೆ ಹೋಗಿ ಥ್ರಾಟಲ್ ತಟ್ಟೆ ತೆರೆದುಕೊಂಡು ಎಂಜಿನ್ ಐಡಲ್ ರಂಧ್ರವನ್ನು ಬಿಟ್ಟು ಬೇರೆ ದಾರಿಯಿಂದ ಉಸಿರಾಡುತ್ತಿದೆ. ಮೂರರಲ್ಲಿ ಯಾವುದು ಅಂತ ಹುಡುಕಿ ಸರಿಮಾಡಿ, ಮತ್ತೆ ಮೊದಲಿನಿಂದ ಶುರು ಮಾಡಿ.

ಎಸ್‌ಯು ಇರುವ ಅಂಬಾಸಿಡರ್

ಇದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ, ಜೆಟ್ಟಿನ ಕೆಳಗಿನ ನಟ್ ತಿರುಗಿಸಿದರೆ ಜೆಟ್ಟೇ ಏರಿಳಿಯುತ್ತದೆ. ಜೆಟ್ ಕೆಳಗೆ ಇಳಿದರೆ ರಿಚ್. ಮೊದಲು ಮೇಲಿನ ಡ್ಯಾಂಪರ್ (ಪಿಸ್ಟನ್ ಓಟ ನಿಧಾನಿಸುವ ಸಲಾಕೆ) ಬಿಚ್ಚಿ ಎಣ್ಣೆ ಇದೆಯಾ ನೋಡಿ. ಎಣ್ಣೆ ಒಣಗಿದ್ದರೆ ಪಿಕಪ್ ಸಾಯುತ್ತದೆ. ಜೆಟ್ಟನ್ನು ಪಿಸ್ಟನ್ ಕೆಳಗಿನ ಸೇತುವೆಯ (ಕಾರ್ಬ್ಯುರೇಟರ್ ಬಾಯಿಯ ತಳ) ಮಟ್ಟಕ್ಕೆ ತಂದು, ನಟ್ಟನ್ನು ಎರಡು ಸುತ್ತು ಕೆಳಗೆ ಇಳಿಸಿ ಶುರು ಮಾಡಿ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಜಾಸ್ತಿಯಾಗದಂತೆ ಎತ್ತಿ. ಸ್ಪೀಡ್ ಏರಿ ಹಾಗೇ ನಿಂತರೆ ರಿಚ್. ತಕ್ಷಣ ಬಿದ್ದು ಬಂದ್ ಆಗುವಂತಾದರೆ ಲೀನ್. ಕ್ಷಣ ಮಾತ್ರ ಚೂರು ಏರಿ ಮೊದಲಿನಂತೆ ನಿಂತರೆ ಸರಿ. ಡ್ಯಾಂಪರ್ ಕೂರುವ ಮಡಕೆಯಂಥ ಮುಚ್ಚಳವನ್ನು ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳಿ, ಅದು ಇದ್ದ ದಿಕ್ಕಿಗೇ ಕೂರಬೇಕು.

ರಸ್ತೆಯಲ್ಲಿ ನೋಡುವುದು

ಹುಬ್ಬಳ್ಳಿ-ಧಾರವಾಡ ನಡುವಿನ ಇಪ್ಪತ್ತು ಕಿ.ಮೀ. ಇದಕ್ಕೆ ಬಹಳ ಒಳ್ಳೆಯ ಪರೀಕ್ಷೆ. ಉಣಕಲ್ ತನಕ ಸಿಗ್ನಲ್, ನಿಲ್ಲುವುದು, ಹೊರಡುವುದು. ನವನಗರ ದಾಟಿದ ಮೇಲೆ ಒಂದೇ ಸ್ಪೀಡಿನಲ್ಲಿ ಹೋಗಲು ಜಾಗ ಸಿಗುತ್ತದೆ, ಧಾರವಾಡದ ಕಡೆ ಏರು ಇದೆ. ಹಗಲು ದಟ್ಟಣೆ ಬೇಡ, ಬೆಳಿಗ್ಗೆ ಬೇಗ ಹೊರಡಿ. ಸಿಗ್ನಲ್‌ನಲ್ಲಿ ಬಂದ್ ಆದರೆ ಐಡಲ್ ಸರಿಯಾಗಿಲ್ಲ. ನಿಧಾನವಾಗಿ ಎಕ್ಸಿಲರೇಟರ್ ಒತ್ತುವಾಗ ಜರ್ಕ್ ಹೊಡೆದರೆ ಪೈಲಟ್‌ನಿಂದ ಮೇನ್ ಜೆಟ್ಟಿಗೆ ದಾಟುವ ಜಾಗದಲ್ಲಿ ತೊಂದರೆ, ಪೆಟ್ರೋಲ್ ಮಟ್ಟ ಕಡಿಮೆ ಇರಬಹುದು. 60-70ರಲ್ಲಿ ಏರು ಹತ್ತುವಾಗ ಉಸಿರು ಬಿಟ್ಟರೆ ಮೇನ್ ಜೆಟ್ ಅಥವಾ ಪೆಟ್ರೋಲ್ ಪಂಪ್.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಿಕ್ಸ್ಚರ್ ಸ್ಕ್ರೂ ಐಡಲ್‌ಗೂ ಥ್ರಾಟಲ್ ಚೂರು ತೆರೆದ ಓಟಕ್ಕೂ ಮಾತ್ರ. ರಸ್ತೆಯ ಸ್ಪೀಡಿನಲ್ಲಿ ಪೆಟ್ರೋಲ್ ಬರುವುದು ಮೇನ್ ಜೆಟ್ಟಿನಿಂದ. ಆವರೇಜ್ ಬರಲಿ ಅಂತ ಮಿಕ್ಸ್ಚರ್ ಸ್ಕ್ರೂ ಬಿಗಿಯುವುದರಿಂದ ಹೆದ್ದಾರಿಯಲ್ಲಿ ಒಂದು ಹನಿಯೂ ಉಳಿಯುವುದಿಲ್ಲ, ಪೇಟೆಯೊಳಗೆ ಗಾಡಿ ಪದೇ ಪದೇ ನಿಲ್ಲುತ್ತದೆ ಅಷ್ಟೇ.

ಎಥನಾಲ್, ಎತ್ತರ, ಬಿಸಿಲು

ಈಗ ಪೆಟ್ರೋಲ್ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಸೇರಿದ ಪೆಟ್ರೋಲ್. ಬರೀ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು. ಪದ್ಮಿನಿಯ ಜೆಟ್‌ಗಳನ್ನು ಅಳೆದದ್ದು ಬರೀ ಪೆಟ್ರೋಲಿಗೆ. ಅದೇ ಜೆಟ್ಟಿನಲ್ಲಿ ಈ ಮಿಶ್ರಣ ಹರಿದರೆ ಗಾಡಿ ಲೀನ್ ಕಡೆಗೆ ವಾಲುತ್ತದೆ. ಇತ್ತ ನಮ್ಮ ಊರುಗಳ ಎತ್ತರದಲ್ಲಿ ಗಾಳಿ ಸ್ವಲ್ಪ ತೆಳು, ಅದರಿಂದ ಕಾರ್ಬ್ಯುರೇಟರ್ ಚೂರು ರಿಚ್ ಕಡೆ ಹೋಗುತ್ತದೆ. ಇವೆರಡೂ ಸ್ವಲ್ಪ ಮಟ್ಟಿಗೆ ಒಂದನ್ನೊಂದು ಸರಿದೂಗಿಸುತ್ತವೆ. ಹುಬ್ಬಳ್ಳಿಯಲ್ಲಿ ಚೆನ್ನಾಗಿ ಓಡುವ ಗಾಡಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಿದಾಗ ತಡವರಿಸಲು ಇದೂ ಒಂದು ಕಾರಣ. ಕೆಳಗೆ ಗಾಳಿ ದಟ್ಟ, ಎಥನಾಲ್‌ನ ಲೀನ್ ಗುಣ ಪೂರ್ತಿ ಎದ್ದು ಕಾಣುತ್ತದೆ. ಎರಡು ದಿನದ ಪ್ರವಾಸಕ್ಕೆ ಜೆಟ್ ಬದಲಾಯಿಸುವುದು ಬೇಡ. ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಹೊರಗೆ ಕೊಟ್ಟು, ವಾಪಸ್ ಬಂದ ಮೇಲೆ ಒಳಗೆ ತನ್ನಿ. ಇಲ್ಲೇ ಓಡಿಸುವಾಗಲೂ ಏರಿನಲ್ಲಿ ಶಕ್ತಿ ಸಾಲದೆ, ಕಾರ್ಬ್ಯುರೇಟರ್ ಬಾಯಿಂದ ಸೀನಿದಂತೆ ಶಬ್ದ ಬಂದರೆ ಮಾತ್ರ ಮೇನ್ ಜೆಟ್ ಒಂದು ಸಂಖ್ಯೆ ದೊಡ್ಡದು ಹಾಕಿ ನೋಡಿ.

ಎಥನಾಲ್‌ನ ನಿಜವಾದ ಅಪಾಯ ರಬ್ಬರಿಗೆ. ಹಳೆಯ ಪೆಟ್ರೋಲ್ ಪೈಪ್ ಉಬ್ಬಿ, ಮೆತ್ತಗಾಗಿ, ಒಳಗಿನಿಂದ ಉದುರುತ್ತದೆ. ಆ ಕಪ್ಪು ಚೂರುಗಳೇ ಜೆಟ್ಟಿನಲ್ಲಿ ಸಿಗುವುದು. ಹೊರಗೆ ಸೋರಿದರೆ ಬೆಂಕಿ. ಪೈಪ್, ಪಂಪಿನ ಡಯಾಫ್ರಾಮ್ ಎರಡನ್ನೂ ಎಥನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಾಯಿಸಿ. ಟ್ಯೂನಿಂಗ್ ಮುಂದೂಡಿದರೂ ಇದನ್ನು ಮುಂದೂಡಬೇಡಿ.

ಏಪ್ರಿಲ್-ಮೇ ಬಿಸಿಲಲ್ಲಿ ಗದಗದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಸ್ಟಾರ್ಟ್ ಆಗದೇ ಇದ್ದರೆ ಅದು ಟ್ಯೂನಿಂಗ್ ದೋಷ ಅಲ್ಲ. ಎಂಜಿನ್ ಬಿಸಿಗೆ ಪಂಪಿನಲ್ಲಿ, ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬಾನೆಟ್ ತೆರೆದಿಡಿ. ಮನೆಗೆ ಬಂದ ಮೇಲೆ ಪಂಪ್ ಮತ್ತು ಎಂಜಿನ್ ನಡುವಿನ ದಪ್ಪ ತಡೆ ಪ್ಯಾಕಿಂಗ್ ಇದೆಯಾ, ಪೈಪ್ ಸೈಲೆನ್ಸರ್ ಹತ್ತಿರ ಹಾದುಹೋಗಿದೆಯಾ ನೋಡಿ.

ಎಮಿಷನ್ ಟೆಸ್ಟ್ ಚೀಟಿ ಓದುವುದು

ಎಮಿಷನ್ ಟೆಸ್ಟನ್ನು ಬರೀ ಪೊಲೀಸರಿಗೆ ತೋರಿಸುವ ಚೀಟಿ ಅಂತ ತಿಳಿಯಬೇಡಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಒಳ್ಳೆಯ ಟ್ಯೂನಿಂಗ್ ಮೀಟರ್ ಬೇರೆಲ್ಲೂ ಸಿಗುವುದಿಲ್ಲ. ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 3ರ ಒಳಗೆ, ಹೈಡ್ರೋಕಾರ್ಬನ್ 1500 ಪಿಪಿಎಂ ಒಳಗೆ ಇರಬೇಕು. ಮೊದಲನೆಯದು ಜಾಸ್ತಿ ಇದ್ದರೆ ಮಿಕ್ಸ್ಚರ್ ರಿಚ್. ಮೊದಲನೆಯದು ಕಡಿಮೆ ಇದ್ದು ಎರಡನೆಯದು ಮಾತ್ರ ಜಾಸ್ತಿ ಇದ್ದರೆ ಪೆಟ್ರೋಲ್ ಉರಿಯದೇ ಹೊರಗೆ ಬರುತ್ತಿದೆ: ಪ್ಲಗ್, ಪಾಯಿಂಟ್, ವಾಲ್ವ್, ಇಲ್ಲವೇ ಅತಿಯಾಗಿ ಲೀನ್. ಗಾಡಿ ಬಿಸಿ ಇರುವಾಗಲೇ ಹೋಗಿ. ಗಿರಾಕಿಗಳಿಲ್ಲದ ಹೊತ್ತು ನೋಡಿ, "ಅಣ್ಣಾರ, ಪೈಪ್ ಒಂದೈದು ನಿಮಿಷ ಹಂಗ ಇಡ್ರಿ, ಒಂಚೂರು ಸ್ಕ್ರೂ ತಿರುಗಿಸ್ತೀನಿ" ಅಂತ ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಎಂಟನೇ ಒಂದು ಸುತ್ತು ತಿರುಗಿಸಿ, ಪರದೆಯ ಮೇಲೆ ಅಂಕಿ ನಿಲ್ಲುವವರೆಗೆ ಕಾಯಿರಿ. ಎಂಜಿನ್ ನಯವಾಗಿ ಓಡುತ್ತಾ ಕಾರ್ಬನ್ ಮಾನಾಕ್ಸೈಡ್ ಅಂಕಿ 2ರ ಆಸುಪಾಸು ನಿಂತರೆ ಅಲ್ಲಿಗೇ ಬಿಡಿ.

ಸ್ಕ್ರೂ ತಲೆಯಿಂದ ಕಾರ್ಬ್ಯುರೇಟರ್ ಮೈಮೇಲೆ ಹಾಯುವಂತೆ ಉಗುರು ಬಣ್ಣದ ಒಂದು ಗೆರೆ ಎಳೆಯಿರಿ. ಮುಂದೆ ಯಾರಾದರೂ ತಿರುಗಿಸಿದರೆ ಗೊತ್ತಾಗುತ್ತದೆ. ಎಷ್ಟು ಸುತ್ತು ಹೊರಗಿದೆ, ಯಾವ ಸಂಖ್ಯೆಯ ಜೆಟ್, ಪಾಯಿಂಟ್ ಗ್ಯಾಪ್ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪಂಪಿಗೆ ಬರುವ ಪೈಪ್ ಕಳಚಿ, ಅದರ ಬಾಯಿ ಬಿಗಿಯಾಗಿ ಮುಚ್ಚಿ, ಫ್ಲೋಟ್ ಚೇಂಬರಿನ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಧಾರವಾಡದ ಜುಲೈ ತೇವವನ್ನು ಎಥನಾಲ್ ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಚೇಂಬರ್ ಖಾಲಿ ಇದ್ದರೆ ಪೈಲಟ್ ಜೆಟ್ಟಿನಲ್ಲಿ ಅಂಟು ಕಟ್ಟುವುದಿಲ್ಲ. ನವರಾತ್ರಿಗೆ ಗಾಡಿ ತೊಳೆದು ಹೊರಗೆ ತೆಗೆದಾಗ ಹೊಸ ಪೆಟ್ರೋಲ್ ಹಾಕಿ, ಪೈಪ್ ಜೋಡಿಸಿ, ಬಿಸಿಯಾದ ಮೇಲೆ ಐಡಲ್ ಒಂದು ಸಲ ಕೇಳಿ ನೋಡಿದರೆ ಸಾಕು.